ತಿಪ್ಪೆಯ ಮೇಲಿಂದ ಎತ್ತಿಕೊಂಡವಳು

ಮಸೀದಿಯ ಮೈಕಿನಲ್ಲಿ ಸಾವಿನ ಸುದ್ದಿ ಹೇಳುವಾಗ ಆಕೆಯ ಗಂಡನ ಹೆಸರು ಹೇಳಿದರು, ಹಿರಿಯ ಮಗನ ಹೆಸರು ಹೇಳಿದರು, ಆಕೆಯ ಹೆಸರು ಹೇಳಲಿಲ್ಲ. ಹಾಗಾಗಿ ನಾನೂ ಹೇಳುವುದಿಲ್ಲ. ಹಳಿಯಾಳದಲ್ಲಿ ಆಕೆಯ ಕೈಯಿಂದ ಬಳೆ ಇಡಿಸಿಕೊಂಡ ಹೆಂಗಸರಿಗೆಲ್ಲ ಆಕೆ ಬೂಬಮ್ಮ. ನನಗೂ ಬೂಬಮ್ಮ. ಅಷ್ಟು ಸಾಕು.

ನಾನು ರೊಟ್ಟಿ ಬಡಿಯುತ್ತಿದ್ದೆ. ಒಲೆ ಆರಿಸಿ, ಕೈ ತೊಳೆದು, ಸೆರಗು ಸರಿ ಮಾಡಿಕೊಂಡು ಹೋದೆ. ಹೆಂಗಸರೆಲ್ಲ ಒಳಗೆ ಕೂತಿದ್ದರು. ನಾನು ಹೋಗಿ ಆಕೆಯ ತಲೆಯ ಹತ್ತಿರ, ಹೆತ್ತ ಹೆಣ್ಣುಮಕ್ಕಳು ಕೂರುವ ಜಾಗದಲ್ಲಿ ಕೂತೆ. ಹುಬ್ಬಳ್ಳಿಯಿಂದ ಬಂದ ಬೀಗರ ಪೈಕಿ ಒಬ್ಬಳು ನನ್ನ ಹಣೆಯ ವಿಭೂತಿ ನೋಡಿದಳು, ಆಮೇಲೆ ನಾನು ಕೂತ ಜಾಗ ನೋಡಿದಳು.

“ನೀವು ಬಾಜೂ ಮನಿಯವರೇನ್ರಿ?”

ನಾನು ಬಾಯಿ ತೆಗೆಯುವ ಮೊದಲೇ ಬೂಬಮ್ಮನ ಕಿರಿ ಮಗಳು ಹೇಳಿದಳು: “ನಮ್ಮಕ್ಕರಿ ಆಕಿ. ತಿಪ್ಪಿ ಮ್ಯಾಲಿನಾಕಿ.”

ಹುಬ್ಬಳ್ಳಿಯಾಕೆಗೆ ತಿಳಿಯಲಿಲ್ಲ. ಸತ್ತ ಮನೆಯಲ್ಲಿ ಕೂತು ಬಿಡಿಸಿ ಹೇಳುವ ಮಾತೂ ಅಲ್ಲ ಅದು. ಈಗ ಹೇಳುತ್ತೇನೆ.

ನನ್ನ ಹೆಸರು ತಿಪ್ಪವ್ವ. ಈ ಹೆಸರನ್ನು ಈಗ ಯಾರೂ ಇಡುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಕೇಳಿ, ನಾನು ಹೇಳಿದರೆ, ಅವರು ತಿರುಗಿ ನೋಡುತ್ತಾರೆ. ಪಾಪ, ಎಂಥ ಹೆಸರಿಟ್ಟಾರ ಅಂತ ಮುಖದ ಮೇಲೇ ಬರೆದಿರುತ್ತದೆ. ತಿಪ್ಪೆ ಅಂದರೆ ಸಗಣಿ, ಗಂಜಲ, ಕಸ ಎಲ್ಲ ಹಾಕುವ ಗೊಬ್ಬರದ ಗುಂಡಿ. ಯಾವ ತಾಯಿ ಹೆತ್ತ ಮಗಳಿಗೆ ಅದರ ಹೆಸರಿಡುತ್ತಾಳೆ? ಹೇಳುತ್ತೇನೆ ಕೇಳಿ. ಮಗಳು ಬೇಕೇ ಬೇಕು ಅನ್ನುವ ತಾಯಿ ಇಡುತ್ತಾಳೆ.

ನಾನು ಹುಟ್ಟಿದ್ದು ಮುಂಡಗೋಡ ತಾಲೂಕಿನ ಇಂದೂರಿನಲ್ಲಿ. ನಾನು ಸಣ್ಣವಳಿದ್ದಾಗ ಊರಲ್ಲಿ ಹೆಣ್ಣುಮಕ್ಕಳ ಹೆಸರು ಅರ್ಧಕ್ಕರ್ಧ ದೇವರದೇ. ಬಸವ್ವ, ನಿಂಗವ್ವ, ದ್ಯಾಮವ್ವ. ಕೆಲವರಿಗೆ ಸತ್ತ ಅಜ್ಜಿಯ ಹೆಸರು. ಅಂಥ ಮನೆಯಲ್ಲಿ ಸೊಸೆ ತನ್ನ ಅತ್ತೆಯ ಹೆಸರು ಹಿಡಿದು ಮಗಳನ್ನು ಬಯ್ಯುವ ಹಾಗಿಲ್ಲ, ಅದಕ್ಕೆ ಆ ಹುಡುಗಿ ಮುದುಕಿಯಾಗುವ ತನಕ ಬರೇ “ಅವ್ವಕ್ಕ”. ಪೀರಸಾಬನಿಗೆ ಹರಕೆ ಹೊತ್ತು ಹುಟ್ಟಿದವಳು ಫಕೀರವ್ವ, ನಮ್ಮ ಲಿಂಗ ಕಟ್ಟಿಕೊಂಡವರ ಮನೆಯಲ್ಲೂ. ಇವೆಲ್ಲ ಕೇಳಿಕೊಂಡು ಇಟ್ಟ ಹೆಸರು. ಇನ್ನೊಂದು ಜಾತಿಯ ಹೆಸರಿತ್ತು, ಅಂಜಿ ಇಟ್ಟ ಹೆಸರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕಲ್ಲವ್ವ ಅಂತ ಇಡುತ್ತಿದ್ದರು. ಕಲ್ಲನ್ನು ಯಾವ ಸಾವು ತಿಂದೀತು? ಅಡಿವೆವ್ವ ಅಂದರೆ ಅಡವಿಯಲ್ಲಿ ಎಸೆದದ್ದು, ತಿಪ್ಪವ್ವ ಅಂದರೆ ತಿಪ್ಪೆಗೆ ಎಸೆದದ್ದು. ಹಳಿಯಾಳದ ಮರಾಠಿಯವರಲ್ಲಿ ದಗಡೂಬಾಯಿ ಇದ್ದಾಳೆ, ಅದು ಅವರ ಮಾತಿನ ಕಲ್ಲವ್ವನೇ. ಸಾವು ಹುಡುಕಿಕೊಂಡು ಬಂದರೆ, ಇದು ಯಾರಿಗೂ ಬೇಡಾದ ಕೂಸು ಅಂದುಕೊಂಡು ಮುಂದೆ ಹೋಗಲಿ ಅಂತ. ಸಾವು ಅಷ್ಟು ದಡ್ಡ ಇದೆಯೇ ಎಂದು ನನ್ನನ್ನು ಕೇಳಬೇಡಿ. ಮಕ್ಕಳನ್ನು ಮಣ್ಣಿಗಿಟ್ಟು ಬಂದವಳು ಅದನ್ನೆಲ್ಲ ಯೋಚನೆ ಮಾಡುತ್ತಾ ಕೂರುವುದಿಲ್ಲ.

ನಮ್ಮವ್ವನಿಗೆ ನನಗಿಂತ ಮೊದಲು ಹುಟ್ಟಿದವರು ಯಾರೂ ತೊಟ್ಟಿಲು ದಾಟಲಿಲ್ಲ. ನಾನು ಹುಟ್ಟಿದಾಗ ಆಕೆ ನನ್ನ ಮುಖವನ್ನೇ ನೋಡಲಿಲ್ಲವಂತೆ. ನೋಡಿದರೆ ಮತ್ತೆ ಆಸೆ ಹುಟ್ಟುತ್ತದೆ ಅಂತ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಹೇಳಿದಳು: ಇದನ್ನು ತಿಪ್ಪೆಗೆ ಹಾಕೂಣು.

ಅದಕ್ಕೊಂದು ರೀತಿ ಇದೆ. ಕೂಸನ್ನು ಮರದಲ್ಲಿ, ಕಾಳು ಕೇರುವ ಮರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟು ಬರಬೇಕು. ರಕ್ತಸಂಬಂಧ ಇಲ್ಲದ ಹೆಂಗಸು, ಹೆತ್ತ ಮಕ್ಕಳೆಲ್ಲ ಬದುಕಿರುವವಳು, ದಾರಿಯಲ್ಲಿ ಹೋಗುವಾಗ ಕಂಡ ಹಾಗೆ ಎತ್ತಿಕೊಳ್ಳಬೇಕು. ಎತ್ತಿಕೊಂಡ ಮೇಲೆ ಕೂಸು ಅವಳದು. ಆಗ ತಾಯಿ ಹೋಗಿ ಮರದ ತುಂಬ ತವುಡು ಕೊಟ್ಟು, ಬೇರೆಯವರ ಕೂಸನ್ನು ಕೊಂಡ ಹಾಗೆ ಕೊಂಡುಕೊಂಡು ಬರಬೇಕು. ತವುಡಿನ ಬೆಲೆಯ ಕೂಸು ಅಂದರೆ ಯಾರ ಕಣ್ಣೂ ಬೀಳುವುದಿಲ್ಲ.

ಆ ದಿನ ದಾರಿಯಲ್ಲಿ ಬಂದವಳು ಬೂಬಮ್ಮ. ಬಂದವಳೇನು, ಅಜ್ಜಿ ಮೊದಲೇ ಹೇಳಿ ಕಳಿಸಿದ್ದಳು. ಆಗ ಇನ್ನೂ ಚಿಕ್ಕ ವಯಸ್ಸಿನ ಬಳೆಗಾರ್ತಿ. ಹೆಗಲ ಮೇಲೆ ಬಳೆಯ ಮಲಾರ, ಅಂದರೆ ಹಗ್ಗಕ್ಕೆ ಪೋಣಿಸಿದ ಬಳೆಯ ಹೊರೆ, ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದಳು. ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದರು. ಮಲಾರ ಇಳಿಸಿ, ನನ್ನನ್ನು ಎತ್ತಿಕೊಂಡು, ಹಿತ್ತಲ ಗೋಡೆಯ ಹಿಂದೆ ಅಡಗಿ ನಿಂತ ಹೆಂಗಸರಿಗೆಲ್ಲ ಕೇಳುವ ಹಾಗೆ ಕೂಗಿದಳಂತೆ: “ಯಾರಬೇ ಇದನ್ನ ಒಗದಾಕಿ? ಕಣ್ಣು ಮೂಗು ಎಲ್ಲಾ ಅದಾವಲ್ಲ! ನಾ ಒಯ್ತೇನಿ ನೋಡ್ರಿ!”

ಅವ್ವ ಮರದ ತುಂಬ ತವುಡು ತುಂಬಿಕೊಂಡು ಬಂದಳು. ಬೂಬಮ್ಮ ತವುಡಿನ ಕಡೆ ನೋಡಿ, “ನಮ್ಮ ಮನ್ಯಾಗ ಎಮ್ಮಿ ಇಲ್ಲ. ತವುಡು ತಗೊಂಡು ಏನ್ ಮಾಡ್ಲಿ?” ಅಂದಳು.

ಅಜ್ಜಿಗೆ ಸಿಟ್ಟು ಬಂತು. “ಶಾಸ್ತ್ರಕ್ಕ ತಗೋಬೇ. ಹೊಳ್ಳಿ ನಮ್ಮ ಎಮ್ಮಿಗೇ ಹಾಕು.”

“ಊರೂರು ತಿರಗಾಕಿ ನಾ. ಬಳಿ ಹೊರಲ್ಯೋ, ತವುಡು ಹೊರಲ್ಯೋ? ಕೂಸು ತಗೋ, ಹಾಲು ಕುಡಸು, ಅಳಾಕತ್ತೇತಿ” ಅಂದು ನನ್ನನ್ನು ಅವ್ವನ ಮಡಿಲಿಗೆ ಹಾಕಿ, ಮಲಾರ ಹೊತ್ತು ಹೋಗಿಯೇಬಿಟ್ಟಳು. ತವುಡು ಎಮ್ಮೆ ತಿಂದಿತು. ಇಂಥ ಯಡವಟ್ಟು ಊರಲ್ಲಿ ಹಿಂದೆಂದೂ ಆಗಿರಲಿಲ್ಲವಂತೆ. ಶಾಸ್ತ್ರ ಅರ್ಧಕ್ಕೇ ನಿಂತಿತು ಅಂತ ಅಜ್ಜಿ ಸಾಯುವ ತನಕ ಗೊಣಗಿದಳು.

ಹೆಸರಿಡುವ ದಿನವೂ ಜಗಳವೇ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ “ಕುರ್ರ್” ಅಂದು ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುತ್ತಾರೆ, ನಗುತ್ತಾರೆ. ಎತ್ತಿಕೊಂಡವಳೇ ಹೇಳಬೇಕು ಅಂತ ಅಜ್ಜಿ ಬೂಬಮ್ಮನನ್ನು ಕರೆಸಿದ್ದಕ್ಕೆ ನನ್ನ ಸೋದರತ್ತೆ ಊಟ ಮಾಡದೆ ಎದ್ದು ಹೋದಳು. ಅವಳಿಗೆ ಬೀಳಬೇಕಾದ ಗುದ್ದೆಲ್ಲ ಬೂಬಮ್ಮನಿಗೇ ಬಿತ್ತು. ಮುಂದೆ ನಾನು ಯಾವಾಗ ಎದುರು ಮಾತಾಡಿದರೂ ಆಕೆ ಬೆನ್ನು ತೋರಿಸುತ್ತಿದ್ದಳು: “ನಿನ್ನ ಹೆಸರಿನ ಸಲುವಾಗಿ ಬಡಿಸ್ಕೊಂಡಾಕಿ ನಾ. ಮಳಿ ಬಂದ್ರ ಇನ್ನೂ ನೋಯ್ತೇತಿ.”

ಆಕೆ ದೊಡ್ಡ ಪುಣ್ಯವಂತೆ ಅಂತ ಬರೆಯಲು ನಾನು ಕೂತಿಲ್ಲ. ಬಾಯಿಬಡುಕಿ. ಒಂದೂರಿನ ಸುದ್ದಿಯನ್ನು ಇನ್ನೊಂದೂರಿಗೆ ಉಪ್ಪು ಖಾರ ಹಚ್ಚಿ ಮುಟ್ಟಿಸುತ್ತಿದ್ದಳು. ಡಜನ್ನಿನಲ್ಲಿ ಒಂದೆರಡು ಸೊಟ್ಟ ಬಳೆ ಸೇರಿಸುತ್ತಿದ್ದಳು. ಕೇಳಿದರೆ, “ನಿನ್ನ ಕೈನ ಸೊಟ್ಟ ಅದಾವ” ಅನ್ನುತ್ತಿದ್ದಳು. ಎಲೆ ಅಡಿಕೆ ತಂಬಾಕು ಬಾಯಲ್ಲಿ ಸದಾ ಇರುತ್ತಿತ್ತು. ಆದರೆ ಬಳೆ ಇಡುವುದರಲ್ಲಿ ಆಕೆಯ ಕೈ ಬೇರೆ. ನಮ್ಮ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣನ್ನು ಹಿಟ್ಟು ಮಿದ್ದ ಹಾಗೆ ಮಿದ್ದು, “ಕೈ ಸಡಲ ಬಿಡು” ಅನ್ನುವಳು. ಬಿಡದಿದ್ದರೆ ಯಾವುದಾದರೂ ಊರಿನ ಸುದ್ದಿ ತೆಗೆಯುವಳು. ಬಾಯಿ ಬಿಟ್ಟುಕೊಂಡು ಕೇಳುವಷ್ಟರಲ್ಲಿ ಬಳೆ ಒಳಗೆ ಹೋಗಿರುತ್ತಿತ್ತು.

ಇಂದೂರಿಗೆ ಬಂದಾಗಲೆಲ್ಲ ಮೊದಲು ನಮ್ಮ ಮನೆ. ಬೀದಿಯ ತುದಿಯಿಂದಲೇ “ತಿಪ್ಪವ್ವಾ!” ಅಂತ ಕೂಗು. ರಂಜಾನಿಗೆ ತಂಬಿಗೆಯಲ್ಲಿ ಸುರಕುಂಬಾ, ಅಂದರೆ ಶಾವಿಗೆಯ ಪಾಯಸ, ತರುತ್ತಿದ್ದಳು, ದೀಪಾವಳಿಗೆ ನನಗೊಂದು ಕುಪ್ಪಸದ ಖಣ. ಎತ್ತಿಕೊಂಡವಳು ಕೊಡಬೇಕಾದ್ದು ಅದು, ಮದುವೆಯಾಗುವ ತನಕ. ಸುರಕುಂಬಾವನ್ನು ಅಜ್ಜಿ ಮೊದಲು ಬೇಡ ಅನ್ನುತ್ತಿದ್ದಳು, ಆಮೇಲೆ ತಂಬಿಗೆಯ ತಳ ಕೆರೆಯುತ್ತಿದ್ದಳು.

ಸಾಲೆಗೆ ಹೋದೆ. ನಾಲ್ಕನೆಯ ಇಯತ್ತೆಯ ತನಕ. ಅಲ್ಲಿ ನನ್ನ ಹೆಸರಿಗೆ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಒಂದು ಚಳಿಗಾಲ, ನಾನು ಇನ್ನು ಸಾಲೆಗೆ ಹೋಗುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ಅಳುವಾಗ ಬೂಬಮ್ಮ ಬಂದಳು. ಏನು ಎತ್ತ ಕೇಳಿದಳು. ಸಮಾಧಾನ ಮಾಡುವ ಜಾತಿ ಅಲ್ಲ ಆಕೆಯದು. ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, ತಿಪ್ಪೆಯ ಮೇಲ್ಪದರ ಕಾಲಿಂದ ಸರಿಸಿ, ನನ್ನ ಕೈಯನ್ನು ಒಳಗೆ ತುರುಕಿದಳು.

“ಹೆಂಗೈತಿ?”

“ಬೆಚ್ಚಗೈತಿ.”

“ಹೂಂ. ನಿಮ್ಮನ್ಯಾಗ ಈಗ ಇಷ್ಟು ಬೆಚ್ಚನ ಜಾಗಾ ಇನ್ನೊಂದು ತೋರಸು. ಇದನ್ನ ಹೊಲಕ್ಕ ಹಾಕಲಿಲ್ಲ ಅಂದ್ರ ಆ ಮೂಗು ಮುಚ್ಚಾವರ ಮನ್ಯಾಗ ಅನ್ನ ಎಲ್ಲಿಂದ ಬಂದೀತು? ದೀಪಾವಳಿಗಿ ನಿಮ್ಮವ್ವ ಇದರ ಮ್ಯಾಲೆ ದೀಪ ಯಾಕ ಇಡ್ತಾಳ? ಹೋಗು, ಕೈ ತೊಳಕೊಂಡು ಸಾಲಿಗಿ ಹೋಗು.”

ಹೋದೆ. ಆದರೆ ಹೆಸರು ಚಂದ ಅನಿಸಲಿಲ್ಲ. ಕೈಯ ವಾಸನೆ ಎರಡು ದಿನ ಹೋಗಲಿಲ್ಲ.

ಅದಕ್ಕೇ ಹಳಿಯಾಳದ ಸಂಬಂಧ ಗೊತ್ತಾದಾಗ ನನಗೆ ಖುಷಿಯಾಗಿದ್ದು ಗಂಡನಿಗಿಂತ ಹೆಚ್ಚು ಹೆಸರಿಗೆ. ನನ್ನ ಗಂಡನ ಮನೆಯವರು ಮರಾಠಿಯವರ ನಡುವೆ ಇದ್ದು ಅವರ ಒಂದು ಪದ್ಧತಿ ಹಿಡಿದಿದ್ದರು. ಮದುವೆಯಲ್ಲಿ ತಾಟಿನಲ್ಲಿ ಅಕ್ಕಿ ಹರವಿ, ಗಂಡು ಉಂಗುರದಿಂದ ಹೆಣ್ಣಿಗೆ ಹೊಸ ಹೆಸರು ಬರೆಯಬೇಕು. ನನಗೆ ಸುಶೀಲಾ ಅಂತ ಗೊತ್ತು ಮಾಡಿದ್ದರು. ನಾನು ಒಬ್ಬಳೇ ಇದ್ದಾಗ ಸುಶೀಲಾ, ಸುಶೀಲಾ ಅಂತ ನನ್ನನ್ನೇ ಕರೆದುಕೊಂಡು ನೋಡುತ್ತಿದ್ದೆ.

ಮದುವೆಯ ಹಿಂದಿನ ದಿನ ಬಳೆ ಇಡಿಸುವ ಶಾಸ್ತ್ರ. ಬೀಗರು ಬಂದಿಳಿದಿದ್ದರು. ನಡುಮನೆಯಲ್ಲಿ ನನ್ನನ್ನು ಕೂರಿಸಿದ್ದರು, ಎದುರು ಬೂಬಮ್ಮ, ಪಕ್ಕದಲ್ಲಿ ನನ್ನ ಅತ್ತೆಯಾಗುವವಳು. ಬೂಬಮ್ಮ ಎಡಗೈಗೆ ಹಸಿರು ಬಳೆ ತುಂಬಿ ಮುಗಿಸಿದಳು. ಅಷ್ಟರಲ್ಲಿ ಯಾರೋ, “ಇನ್ನ ನಾಳಿಂದ ಸುಶೀಲಾ ಅಂತ ಕರೀಬೇಕ್ರಿ” ಅಂದರು.

ಬೂಬಮ್ಮ ನನ್ನ ಬಲಗೈ ಬಿಟ್ಟಳು.

“ಯಾರು ಸುಶೀಲಾ?”

ಅತ್ತೆ ಹೇಳಿದಳು: “ನಮ್ಮ ಮನ್ಯಾಗ ಸೊಸಿಗೆ ಹೊಸ ಹೆಸರು ಇಡೂ ಪದ್ಧತಿ ಐತ್ರಿ, ಬೂಬಮ್ಮ.”

“ಇಡ್ರಿ. ನಿಮ್ಮ ಕೂಸಿಗಿ ಇಡ್ರಿ. ಇದು ನಂದು.” ಮಲಾರಕ್ಕೆ ಗಂಟು ಹಾಕತೊಡಗಿದಳು. “ತಿಪ್ಪಿ ಮ್ಯಾಲಿಂದ ನಾ ಎತ್ತೀನಿ. ತವುಡು ನಾ ಮುಟ್ಟಿಲ್ಲ. ಅಂದ್ರ ಮಾರಿಲ್ಲ. ಸಾಕಾಕ ಕೊಟ್ಟೇನಿ, ಅಷ್ಟ. ಇಲ್ಲಿ ಕುಂತಾರಲ್ಲ, ಕೇಳ್ರಿ ಇವರನ್ನ.”

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ, “ನಾ ಅವತ್ತ ಬಡಕೊಂಡೆ, ತವುಡು ತಗೋ ತಗೋ ಅಂತ” ಅಂದಳು.

ನಾನು ಹಲ್ಲು ಕಚ್ಚಿ ಹೇಳಿದೆ: “ಹಾಕಬೇ ಬೂಬಮ್ಮ, ಮಂದಿ ನೋಡಾಕತ್ತಾರ.” ಒಂದು ಕೈ ತುಂಬ ಬಳೆ, ಇನ್ನೊಂದು ಬೋಳು. ಹಾಗೆ ಮದುಮಗಳನ್ನು ಯಾರು ಹಂದರಕ್ಕೆ ಕರೆದೊಯ್ಯುತ್ತಾರೆ? ಬೇರೆ ಬಳೆಗಾರನನ್ನು ಕರೆಸುವುದೆಂದರೆ ಮುಂಡಗೋಡದಿಂದ ಬರಬೇಕು, ಬಂದರೂ ಅರ್ಧ ಇಟ್ಟ ಕೈಯನ್ನು ಅವನು ಮುಟ್ಟುವುದಿಲ್ಲ. ಅದು ಬಳೆಗಾರರ ಕಟ್ಟುಪಾಡು.

ಅತ್ತೆಗೆ ಮುಖ ಕೆಂಪಾಯಿತು. “ಹೆಸರಿನ್ಯಾಗ ಏನೈತ್ರಿ ಅಷ್ಟು? ತಿಪ್ಪವ್ವ ಅಂತ ಕರದ್ರ ನಮ್ಮ ಓಣ್ಯಾಗ ನಗ್ತಾರ.”

ಬೂಬಮ್ಮ ಆಕೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದನಿ ಇಳಿಸಿ ಕೇಳಿದಳು: “ಅಕ್ಕಾರ, ನಿಮ್ಮ ತವರುಮನಿ ಪಾಳಾ ಊರಾಗ ಅಲ್ಲೇನ್ರಿ? ಆಲದ ಗಿಡದ ಬಾಜೂ? ನಿಮ್ಮ ಮದವಿಗಿ ಬಳಿ ಇಟ್ಟಾಕಿ ನಮ್ಮತ್ತಿ. ನಾ ಮಲಾರ ಹಿಡಕೊಂಡು ಕುಂತಿದ್ದೆ. ಅವಾಗ ನೀವು ಕಲ್ಲವ್ವ.”

ನಮಗೆಲ್ಲ ಅತ್ತೆ ಲೀಲಾವತಿ ಎಂದು ಗೊತ್ತಿತ್ತು. ಬೇರೆ ಹೆಸರು ಇತ್ತೆಂದು ಮಗನಿಗೂ ಗೊತ್ತಿರಲಿಲ್ಲ.

“ನಿಮ್ಮವ್ವನೂ ನಿಮ್ಮನ್ನ ಉಳಿಸ್ಕೊಳ್ಳಾಕ ಇಟ್ಟ ಹೆಸರರಿ ಅದು. ಹಳಿಯಾಳಕ್ಕ ಹೋಗಿ ಲೀಲಾವತಿ ಆದ್ರಿ. ಚೊಲೋನ ಐತಿ. ನಿಮ್ಮವ್ವ ಸಾಯೂ ಮುಂದ ಏನಂತ ಕರದಳ್ರಿ?”

ಅತ್ತೆ ಸೆರಗಿನ ತುದಿ ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತಳು. ಆಮೇಲೆ, “ಇನ್ನೊಂದು ಕೈಗಿ ಹಾಕು, ಬೂಬಮ್ಮ” ಅಂದಳು. “ಅಕ್ಕಿ ತಾಟು ಬ್ಯಾಡ ಅಂತ ಗಂಡಸರಿಗಿ ನಾ ಹೇಳ್ತೇನಿ.”

ಬೂಬಮ್ಮ ಮಲಾರದ ಗಂಟು ಬಿಚ್ಚಿ ನನ್ನ ಬಲಗೈ ಹಿಡಿದಳು. ನಾನು ಸಿಟ್ಟಿಗೆ ಮುಷ್ಟಿ ಕಟ್ಟಿದ್ದೆ. “ಕೈ ಸಡಲ ಬಿಡು” ಅಂದಳು. ಬಿಡಲಿಲ್ಲ. ಹಾಗೇ ತೂರಿಸಿದಳು. ಕೈ ಉರಿ ಕಿತ್ತಿತು.

ನನ್ನನ್ನು ಕೇಳಿದವರು ಯಾರು? ಸುಶೀಲಾ ಹೋಯಿತು. ಸಿಟ್ಟು ಬಹಳ ದಿನ ಇತ್ತು. ಬೂಬಮ್ಮನ ಗಂಡ ಹಳಿಯಾಳದಲ್ಲಿ ಸ್ಟೋವ್ ರಿಪೇರಿ ಅಂಗಡಿ ಹಾಕಿ, ಅವರೂ ಇಲ್ಲೇ ಬಂದು ನೆಲೆಯಾದ ಮೇಲೆ, ನಾನು ಬೇಕಂತಲೇ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಬಳೆ ಇಡಿಸಿಕೊಂಡು ಆಕೆಯ ಮನೆಯ ಮುಂದೆ ಗಲಗಲ ಅನ್ನಿಸುತ್ತಾ ಹೋಗುತ್ತಿದ್ದೆ. ಆಕೆ ಒಳಗಿಂದಲೇ, “ತಿಪ್ಪವ್ವಾ, ಅವು ಭಾಳ ದಿನ ಬಾಳಂಗಿಲ್ಲ!” ಅಂತ ಕೂಗುತ್ತಿದ್ದಳು. ಬಾಳುತ್ತಲೂ ಇರಲಿಲ್ಲ. ಮೊದಲ ಹೆರಿಗೆಗೆ ಆಕೆ ತಾನಾಗಿಯೇ ಬಂದು ಬಾಗಿಲಲ್ಲಿ ಕೂತಳು, ಜಗಳ ಅಲ್ಲಿಗೆ ಮುಗಿಯಿತು. ಅತ್ತೆಯೂ ಸಾಯುವ ತನಕ ನನ್ನನ್ನು ಓಣಿಗೆಲ್ಲ ಕೇಳುವ ಹಾಗೆ ತಿಪ್ಪವ್ವ ಅಂತಲೇ ಕರೆದಳು. ಒಮ್ಮೊಮ್ಮೆ ಬೂಬಮ್ಮ ಬಂದಾಗ ಇಬ್ಬರೂ ಹಿತ್ತಲಲ್ಲಿ ಕೂತು ಎಲೆ ಹಾಕಿಕೊಳ್ಳುವರು. ಬೂಬಮ್ಮ ಆಕೆಯನ್ನು ಕಲ್ಲವ್ವ ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು.

ನನ್ನ ಮಕ್ಕಳೆಲ್ಲ ಬದುಕಿದರು. ಒಬ್ಬರಿಗೂ ಇಂಥ ಹೆಸರಿಡುವ ಪ್ರಸಂಗ ಬರಲಿಲ್ಲ. ಆ ಹೆಸರು ನನ್ನೊಂದಿಗೇ ಮುಗಿಯಿತು ಎಂದುಕೊಂಡಿದ್ದೆ, ಮುಗಿದರೆ ಒಳ್ಳೆಯದೇ ಎಂದೂ.

ಮೊಮ್ಮಗಳು ವಿದ್ಯಾ ದಾಂಡೇಲಿಯಲ್ಲಿದ್ದಾಳೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೊದಲ ಎರಡು ಕೂಸು ಉಳಿಯಲಿಲ್ಲ. ಮೂರನೆಯದು ದಿನ ತುಂಬುವ ಮೊದಲೇ ಹುಟ್ಟಿ, ಹುಬ್ಬಳ್ಳಿ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಇದ್ದು, ಅಂತೂ ಮನೆಗೆ ಬಂತು. ಹೆಣ್ಣು. ಒಂದು ಭಾನುವಾರ ಕೂಸನ್ನು ಎತ್ತಿಕೊಂಡು ಒಬ್ಬಳೇ ಬಸ್ಸಿನಲ್ಲಿ ನನ್ನ ಹತ್ತಿರ ಬಂದಳು. ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು.

“ಅಜ್ಜಿ, ನಿನಗ ಮಾಡಿದ್ದು ಇದಕ್ಕೂ ಮಾಡೂಣು.”

“ಏನ್ ಮಾಡೂದು?”

“ತಿಪ್ಪಿ.”

ನಾನು ಆಕೆಯ ಮುಖ ನೋಡಿದೆ. “ಹುಚ್ಚು ಹಿಡದೈತೇನ? ಸಾಲ್ಯಾಗ ಹುಡುಗರಿಗಿ ಕ್ರಿಮಿ ಕೀಟ ಅಂತ ಪಾಠ ಹೇಳ್ತಿ. ಡಾಕ್ಟರು ಉಳಿಸಿ ಕೊಟ್ಟಾರ. ಸುಮ್ನ ಸಾಕು.”

“ಡಾಕ್ಟರು ಮಾಡೂದು ಮಾಡ್ಯಾರ, ಅಜ್ಜಿ. ಕೂಸು ಚೊಲೋ ಐತಿ. ನನಗ ತಡಕೊಳ್ಳಾಕ ಆಗವಲ್ದು. ಮಲಗಿದ್ರ ಸಾಕು, ಎದ್ದು ಅದರ ಮೂಗಿನ ಮುಂದ ಕೈ ಹಿಡದು ನೋಡ್ತೇನಿ. ನಿದ್ದಿ ಬರವಲ್ದು. ಇವತ್ತಿಗೂ ನಾ ಅದಕ್ಕ ಒಂದು ಹೆಸರು ಹಿಡದು ಕರದಿಲ್ಲ. ಕರದ್ರ…”

ನಮ್ಮವ್ವ ನನ್ನ ಮುಖ ನೋಡದೆ ಮಲಗಿದ್ದು ನೆನಪಾಯಿತು. ಏಳು, ಚಪ್ಪಲಿ ಹಾಕ್ಕೋ ಅಂದೆ.

ಬೂಬಮ್ಮನ ಮನೆಗೆ ಹೋದೆವು. ಆಗಲೇ ಆಕೆ ಹಾಸಿಗೆ ಹಿಡಿದಿದ್ದಳು. ತೊಂಬತ್ತು ದಾಟಿದೆ ಎಂದು ಮಕ್ಕಳು ಹೇಳುತ್ತಿದ್ದರು, ಆಕೆಗೇ ಗೊತ್ತಿರಲಿಲ್ಲ. ಕಣ್ಣು ಹೋಗಿತ್ತು. ಯಾರು ಬಂದರೂ ಮಣಿಕಟ್ಟು ಹಿಡಿದು ಗುರುತು ಹಿಡಿಯುತ್ತಿದ್ದಳು. ನನ್ನದು ಹಿಡಿದು, “ಸೊರಗೀದಿ” ಅಂದಳು. ವಿದ್ಯಾಳದು ಹಿಡಿದು, “ಇದು ಊಟ ಮಾಡಂಗಿಲ್ಲ” ಅಂದಳು. ಕೂಸಿನ ಕೈಯನ್ನು ಎರಡು ಬೆರಳ ನಡುವೆ ಹಿಡಿದು ಬಹಳ ಹೊತ್ತು ಬಿಡಲಿಲ್ಲ. “ಅರೇ, ಇಷ್ಟು ಸಣ್ಣ ಬಳಿ ಯಾರೂ ಮಾಡಂಗಿಲ್ಲ.”

ನಾನು ಬಂದ ಕೆಲಸ ಹೇಳಿದೆ. ನೀನೇ ಎತ್ತಬೇಕು, ನಾವು ಹಿಡಿದುಕೊಳ್ಳುತ್ತೇವೆ, ನಿನ್ನ ಕೈ ಮುಟ್ಟಿದರೆ ಸಾಕು ಅಂದೆ.

ಆಕೆ ತಲೆ ಅಲ್ಲಾಡಿಸಿದಳು. “ನನ್ನ ಕೈ ನಡಿಯಂಗಿಲ್ಲ ಈಗ. ಸಣ್ಣಾವ ಹೋದ.”

ನನಗೆ ಅದು ಹೊಳೆದೇ ಇರಲಿಲ್ಲ. ಆಕೆಯ ಕಿರಿ ಮಗ, ಗ್ಯಾರೇಜಿನವನು, ಅದರ ಹಿಂದಿನ ವರ್ಷ ಎದೆನೋವು ಬಂದು ತೀರಿಕೊಂಡಿದ್ದ. ಮಕ್ಕಳೆಲ್ಲ ಬದುಕಿರುವವಳು ಮಾತ್ರ ಎತ್ತಬೇಕು. ಆಕೆ ಇನ್ನು ಅಂಥವಳಲ್ಲ. ಅಷ್ಟು ವಯಸ್ಸಾಗಿ, ಕಣ್ಣು ಹೋಗಿ, ಮಲಗಿದ ಕಡೆಯೇ ಮಲಗಿದ್ದರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದಳು.

ವಿದ್ಯಾ ನನ್ನ ಕಡೆ ನೋಡಿದಳು. ಆ ಮುಖ ನೋಡಲಾಗಲಿಲ್ಲ.

“ನೀ ಎತ್ತು” ಅಂದಳು ಬೂಬಮ್ಮ ನನಗೆ. “ನಿನ್ನ ಮಕ್ಕಳೆಲ್ಲಾ ಅದಾರ.”

“ನಾ ಹೆಂಗ ಎತ್ಲಿ? ಇದು ನನ್ನ ಮರಿಮಗಳು. ರಕ್ತದಾಕಿ ನಡಿಯಂಗಿಲ್ಲ.”

“ಯಾರ ರಕ್ತ?” ಹಲ್ಲಿಲ್ಲದ ಬಾಯಿ ಸಿಟ್ಟಿನಿಂದ ನಡುಗಿತು. “ನೀ ಯಾವಾಗ ಅವರ ಪೈಕಿ ಆದಿ? ನಾ ತವುಡು ತಗೊಂಡೇನೇನು? ನೀ ನನ್ನ ಮಗಳು. ಬ್ಯಾರೆ ಮನಿಯಾಕಿ. ದಾರ್‍ಯಾಗ ಹೋಗಾಕಿ. ಹೋಗಿ ಎತ್ತು!”

ನಾನು ವಿದ್ಯಾಳನ್ನು ಎಬ್ಬಿಸಿಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಲ್ಲೇ ಮಾಡಿದೆವು. ದಾಂಡೇಲಿಯಲ್ಲಿ ತಿಪ್ಪೆ ಎಲ್ಲಿದೆ, ಕಸದ ಗಾಡಿ ಬರುತ್ತದೆ. ನಮ್ಮಲ್ಲಿ ಎಮ್ಮೆ ಇವೆ, ಹಾಗಾಗಿ ತಿಪ್ಪೆಯೂ ಇದೆ. ವಿದ್ಯಾ ಇಸ್ತ್ರಿ ಮಾಡಿದ ಬಟ್ಟೆ ಮರದಲ್ಲಿ ಹಾಸಿದಳು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೈಗೆ ದವಾಖಾನೆ ವಾಸನೆಯ ಔಷಧ ತಿಕ್ಕಿಕೊಂಡಳು. ಮರವನ್ನು ತಿಪ್ಪೆಯ ಮೇಲೆ ಇಟ್ಟಳು, ಆದರೆ ಕೈ ಬಿಡಲಿಲ್ಲ. ಬಗ್ಗಿ ನಿಂತೇ ಇದ್ದಳು, ಬೆರಳು ಮರದ ಅಂಚಿಗೆ ಅಂಟಿಕೊಂಡ ಹಾಗೆ.

ನಾನು ದೂರದಿಂದ, ದಾರಿಯಲ್ಲಿ ಹೋಗುವವಳು ನಿಲ್ಲಬೇಕಾದ ಕಡೆಯಿಂದ, ಹೇಳಿದೆ: “ಕೈ ಸಡಲ ಬಿಡು.”

ಬಿಟ್ಟಳು. ಹಿಂದೆ ಸರಿದು ಗೋಡೆಗೆ ಆತು ನಿಂತಳು. ಕೂಸು ಅಳಲಿಲ್ಲ. ತಿಪ್ಪೆಯಿಂದ ಹಬೆ ಏಳುತ್ತಿತ್ತು, ಬೆಚ್ಚಗಿತ್ತೋ ಏನೋ. ನಾನು ನಡೆದು ಹೋಗಿ ಎತ್ತಿಕೊಂಡೆ. ಬೂಬಮ್ಮನ ಹಾಗೆ ಕೂಗುವ ದನಿ ನನಗಿಲ್ಲ. ಆದರೂ ಕೂಗಿದೆ: “ಯಾರಬೇ ಇದನ್ನ ಒಗದಾಕಿ? ನಾ ಒಯ್ತೇನಿ ನೋಡ್ರಿ!”

ವಿದ್ಯಾ ಅಂಗಡಿಯಿಂದ ತಂದಿಟ್ಟ ತವುಡನ್ನು ಇನ್ನೊಂದು ಮರದಲ್ಲಿ ತುಂಬಿಕೊಂಡು ಬಂದಳು. ನಡೆದಂತೆ ಅರ್ಧ ಚೆಲ್ಲುತ್ತಿತ್ತು. “ತಗೋರಿ ಅಜ್ಜಿ. ಕೂಸು ಕೊಡ್ರಿ” ಅಂದಳು. ಯಾವತ್ತೂ ನನಗೆ ‘ರಿ’ ಹಚ್ಚಿದವಳಲ್ಲ. ಅವತ್ತು ಬೇರೆಯವರೊಡನೆ ಆಡಿದ ಹಾಗೆ ಆಡಿದಳು.

“ನಮ್ಮ ಮನ್ಯಾಗ ಎಮ್ಮಿ ಇಲ್ಲ” ಅಂದೆ ನಾನು. “ತವುಡು ತಗೊಂಡು ಏನ್ ಮಾಡ್ಲಿ?”

ಆಗಲೇ ಕೊಟ್ಟಿಗೆಯಿಂದ ದೊಡ್ಡ ಎಮ್ಮೆ ಒದರಿತು. ತವುಡಿನ ವಾಸನೆ ಬಡಿದಿರಬೇಕು. ಸಣ್ಣದೂ ದನಿ ಸೇರಿಸಿತು. ವಿದ್ಯಾ ನಕ್ಕಳು. ನಗುತ್ತಾ ನಗುತ್ತಾ ಅಲ್ಲೇ ಕೂತುಬಿಟ್ಟಳು. ಕೂಸನ್ನು ಆಕೆಯ ಮಡಿಲಿಗೆ ಹಾಕಿದೆ. “ಸಾಕಾಕ ಕೊಟ್ಟೇನಿ. ಹಾಲು ಕುಡಸು.”

ಕಾಗದಪತ್ರಕ್ಕೆ ಅದಕ್ಕೆ ಬೇರೆ ಹೆಸರಿದೆ. ದಾಂಡೇಲಿಯಲ್ಲಿ ಅದರ ಸೋದರತ್ತೆ ಕಿವಿಯಲ್ಲಿ ಕುರ್ರ್ ಅಂದು ಹೇಳಿ, ಗುದ್ದು ತಿಂದು, ಜಗಳವಿಲ್ಲದೆ ಊಟ ಮಾಡಿ ಎದ್ದಳು. ಒಳ್ಳೆಯ ಹೆಸರೇ. ಆದರೆ ಅವತ್ತು ಹಿತ್ತಲಲ್ಲಿ ವಿದ್ಯಾ ಅದರ ಮುಖದ ಹತ್ತಿರ ಬಗ್ಗಿ, ಮೊದಲ ಸಲ, “ತಿಪ್ಪೀ” ಅಂತ ಕರೆದಳು. ಆಮೇಲೆ ಮಧ್ಯಾಹ್ನ ನನ್ನ ಮಂಚದ ಮೇಲೆ ಬಾಯಿ ತೆರೆದು ಮಲಗಿದಳು. ಕೂಸು ಎದ್ದು, ಅತ್ತು, ನಾನು ಎತ್ತಿ ಆಡಿಸಿ, ಅದು ಮತ್ತೆ ಮಲಗಿದರೂ ಆಕೆಗೆ ಎಚ್ಚರವಾಗಲಿಲ್ಲ.

ಸಂಜೆ ಬೂಬಮ್ಮನಿಗೆ ಎಲ್ಲ ಹೇಳಿ ಬರಲು ಹೋದೆ. ಎಮ್ಮೆ ಇಲ್ಲ ಅಂದದ್ದನ್ನು ಹೇಳಿದಾಗ ಆಕೆ ಕೆಮ್ಮು ಬರುವಷ್ಟು ನಕ್ಕಳು. ಕೆಮ್ಮು ನಿಂತ ಮೇಲೆ ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡಳು.

“ಎಷ್ಟು ಅದಾವ ಈಗ?”

“ಎರಡು.”

“ಹಾಲು?”

“ಚೊಲೋ ಕೊಡ್ತಾವ.”

“ಹಂಗಾರ,” ಅಂದಳು, “ಎಮ್ಮಿ ಇಲ್ಲದಾಕಿ ಮನಿಯಿಂದ ನಾಳಿ ಒಂದು ತಂಬಿಗಿ ಹಾಲು ಕಳಿಸು.”